ಹನ್ನೆರಡನೆಯ ಸ್ಪಿಂಡಲ್

ನನ್ನ ಕುರ್ಚಿಯಲ್ಲಿ ಈಗ ಸುಜಾತಾ ಎಂಬ ಹುಡುಗಿ ಕೂತಿದ್ದಾಳೆ. ಡಿಪ್ಲೊಮಾ ಮುಗಿಸಿ ಬಂದವಳು, ಚುರುಕಾಗಿದ್ದಾಳೆ, ಮಾತು ಸ್ವಲ್ಪ ಹೆಚ್ಚು. ಕೆಲಸ ಒಪ್ಪಿಸಿಕೊಡುವ ದಿನ ಆಕೆ, "ಅಕ್ಕಾರ, ಈ ಕೆಲಸದಾಗ ಮೊದಲ ಏನ್ ಕಲೀಬೇಕ್ರಿ?" ಎಂದು ಕೇಳಿದಳು. ಮೈಕ್ರೋಸ್ಕೋಪಿನ ಗಾಜು ಒರೆಸುವುದನ್ನು ಕಲಿ ಎಂದು ಹೇಳಿ ಮನೆಗೆ ಬಂದೆ. ಅದು ಸುಳ್ಳಲ್ಲ, ಆದರೆ ಪೂರಾ ಉತ್ತರವೂ ಅಲ್ಲ. ಪೂರಾ ಉತ್ತರ ನಿಂತಲ್ಲೇ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸುಜಾತಾಳಿಗೂ, ಅವಳ ಹಿಂದೆ ಬರುವವರಿಗೂ.

ನಮ್ಮದು ಬಾಗಲಕೋಟೆಯ ಕೈಗಾರಿಕಾ ಪ್ರದೇಶದ ಒಂದು ಶೆಡ್ಡು. ಉಕ್ಕಿನ ಬಿಡಿಭಾಗಗಳು ಬರುತ್ತವೆ, ಅವುಗಳ ಮೈ ಗಟ್ಟಿ ಮಾಡಿ ವಾಪಸು ಕಳಿಸುವುದು ನಮ್ಮ ಕಸುಬು. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಮಾಡುವವರು, ಸಿಮೆಂಟಿನವರು, ಸಕ್ಕರೆ ಕಾರ್ಖಾನೆಯವರು ನಮ್ಮ ಗಿರಾಕಿಗಳು. ನಾನು ಕಮತಗಿಯವಳು, ಹೆಸರು ಮಹಾದೇವಿ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಲ್ಯಾಬಿನಲ್ಲಿ ಕೂರಿಸಿದರು. ವಜ್ರದ ಮೊನೆಯಿಂದ ಉಕ್ಕನ್ನು ಒತ್ತಿ, ಬಿದ್ದ ಗುರುತನ್ನು ಅಳೆದು, ಎಷ್ಟು ಗಟ್ಟಿ ಇದೆ ಎಂದು ಹೇಳಬೇಕು. ಯಾರಾದರೂ ಕೇಳಿದರೆ ಕಬ್ಬಿಣ ಚುಚ್ಚಿ ನೋಡುವ ಕೆಲಸ ಎನ್ನುತ್ತಿದ್ದೆ. ನಮ್ಮವ್ವ ಮಾತ್ರ ಊರ ತುಂಬ ಮಗಳು ಬ್ಯಾಂಕಿನಲ್ಲಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ನಾನು ಸೇರಿದಾಗ ಪ್ಲಾಸ್ಮಾ ಯಂತ್ರ ಇರಲಿಲ್ಲ. ಉಪ್ಪಿನ ಕೊಳವೇ ಇತ್ತು. ಉಪ್ಪು ಎಂದರೆ ಅಡುಗೆಯದಲ್ಲ, ಸೈನೈಡ್ ಬೆರೆತದ್ದು. ಅದನ್ನು ಕಾಯಿಸಿ ಕರಗಿಸಿ, ಅದರೊಳಗೆ ಉಕ್ಕನ್ನು ಇಳಿಬಿಡುತ್ತಿದ್ದರು. ಆ ಶೆಡ್ಡಿನ ಕಡೆ ಹೋಗಿ ಬಂದರೆ ಊಟದ ರುಚಿ ಹೋಗುತ್ತಿತ್ತು. ಅಲ್ಲಿ ಹಣಮಂತ ಎಂಬವನು ಕೆಲಸ ಮಾಡುತ್ತಿದ್ದ, ಹುನಗುಂದದವನು, ಯಾವಾಗಲೂ ಹಾಡಿಕೊಂಡೇ ಇರುತ್ತಿದ್ದ. ಒಂದು ದಿನ ಸರಿಯಾಗಿ ಒಣಗಿರದ ಬೋಲ್ಟುಗಳ ಬುಟ್ಟಿ ಆ ಕೊಳಕ್ಕೆ ಇಳಿಯಿತು. ಕರಗಿದ ಉಪ್ಪಿಗೆ ನೀರಿನ ಹನಿ ತಾಗಿದರೆ ಸಿಡಿಯುತ್ತದೆ. ಹಣಮಂತನನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು, ಅವನು ತಿರುಗಿ ಬರಲಿಲ್ಲ. ಬೋಲ್ಟುಗಳನ್ನು ಒಣಗಿಸುವ ಒಲೆ ತಿಂಗಳಿಂದ ಕೆಟ್ಟಿತ್ತು. ಅವನು ಹೋದ ಮಾರನೆಯ ದಿನವೇ ಅದನ್ನು ರಿಪೇರಿ ಮಾಡಿಸಿದರು. ಇಷ್ಟು ವರ್ಷವಾದರೂ ಆ ಒಲೆಯ ಮೇಲೆ ನನಗೆ ಸಿಟ್ಟಿದೆ, ಅದನ್ನು ಬೇಗ ಮಾಡಿಸದವರ ಮೇಲೆ ಇನ್ನೂ ಹೆಚ್ಚು.

ಆಮೇಲೆ ಪ್ಲಾಸ್ಮಾ ಯಂತ್ರ ಬಂತು. ಹಣಮಂತ ಸತ್ತನೆಂದು ಬಂದದ್ದಲ್ಲ, ಶೆಡ್ಡಿನ ಮಾಲೀಕರಾದ ಸಾಹುಕಾರರಿಗೆ ಸಾಲ ಮಂಜೂರಾಯಿತೆಂದು ಬಂತು. ಆದರೂ ಒಳ್ಳೆಯದೇ ಆಯಿತು. ಆಳೆತ್ತರದ ಉಕ್ಕಿನ ಹಂಡೆ, ಮೇಲೆ ಸರಪಳಿಯಿಂದ ಇಳಿಸುವ ಮುಚ್ಚಳ. ಒಳಗೆ ಭಾಗಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಸ್ವಲ್ಪವೇ ಸ್ವಲ್ಪ ನೈಟ್ರೋಜನ್ನು ಹೈಡ್ರೋಜನ್ನು ಬಿಟ್ಟು ಕರೆಂಟು ಕೊಟ್ಟರೆ, ಉಕ್ಕಿನ ಮೈಗೆ ನೇರಳೆ ಬಣ್ಣದ ಬೆಳಕು ಅಂಟಿಕೊಂಡು ನಿಲ್ಲುತ್ತದೆ. ಬಳೆಯಷ್ಟಗಲದ ಗಾಜಿನ ಕಿಂಡಿಯಿಂದ ಅದನ್ನು ನೋಡಬಹುದು. ಹೊಗೆಯಿಲ್ಲ, ವಾಸನೆಯಿಲ್ಲ. ಆ ಬೆಳಕಿನಲ್ಲಿ ನೈಟ್ರೋಜನ್ ಉಕ್ಕಿನ ಚರ್ಮದೊಳಗೆ ಇಳಿಯುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಯಂತ್ರ ನಡೆಸಲು ನಮ್ಮೂರಿನವನೇ ಆದ ಬೀರಪ್ಪನನ್ನು ಹಚ್ಚಿದರು. ಮೊದಲ ಸಲ ಕಿಂಡಿಯಲ್ಲಿ ಇಣುಕಿ ಅವನು ಕೈಮುಗಿದ. ನಾನು ನಕ್ಕೆ, ಆಮೇಲೆ ಅವನು ನೋಡದಿದ್ದಾಗ ನಾನೂ ಕೈಮುಗಿದೆ.

ಯಂತ್ರದ ಜೊತೆಗೆ ಬಂದವರು ದೇಸಾಯಿ ಸರ್. ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಅವರಷ್ಟು ಚೆನ್ನಾಗಿ ಕಲಿಸಿದವರಿಲ್ಲ, ಅವರಷ್ಟು ನನ್ನನ್ನು ನೋಯಿಸಿದವರೂ ಇಲ್ಲ. ಸ್ಟೇನ್‌ಲೆಸ್ ಸ್ಟೀಲಿನ ವಿಷಯ ಅವರು ಹೇಳಿಕೊಟ್ಟದ್ದನ್ನು ಹಾಗೇ ಬರೆಯುತ್ತೇನೆ. ಸ್ಟೇನ್‌ಲೆಸ್ಸಿಗೆ ತುಕ್ಕು ಹಿಡಿಯದಿರುವುದು ಅದರೊಳಗಿನ ಕ್ರೋಮಿಯಮ್ಮಿನಿಂದ. ಅದು ಮನೆಯ ಕಾವಲಿನವರಿದ್ದಂತೆ. ಹಂಡೆಯ ಕಾವು ನಾಲ್ಕುನೂರು ಡಿಗ್ರಿಯ ಸುಮಾರಿಗೆ ಇಟ್ಟು, ಅವಸರ ಮಾಡದೆ, ಒಂದು ಹಗಲು ಒಂದು ರಾತ್ರಿ ಮೀರಿ ಬೇಯಿಸಿದರೆ ನೈಟ್ರೋಜನ್ ಒಳಗೆ ಹೋಗಿ ಕೂರುತ್ತದೆ, ಕಾವಲಿನವರೂ ಬಾಗಿಲಲ್ಲೇ ಇರುತ್ತಾರೆ. ಕಾವು ಐನೂರರ ಮೇಲೆ ಏರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಮೈ ಇನ್ನೂ ಗಟ್ಟಿಯಾಗುತ್ತದೆ. ಆದರೆ ಆಗ ನೈಟ್ರೋಜನ್ ಕಾವಲಿನವರನ್ನೆಲ್ಲ ಎಳೆದುಕೊಂಡು ಹೋಗಿ ಗೋಡೆ ಕಟ್ಟಲು ಹಚ್ಚುತ್ತದೆ. ಗೋಡೆ ಭಾರೀ ಗಟ್ಟಿ, ಬಾಗಿಲು ಮಾತ್ರ ಬಯಲು. ಅಂಥ ಉಕ್ಕು ಹೆಸರಿಗಷ್ಟೇ ಸ್ಟೇನ್‌ಲೆಸ್.

ಇದರಲ್ಲಿ ಲ್ಯಾಬಿನವರಿಗೆ ಒಂದು ಮೋಸವಿದೆ, ಸುಜಾತಾ, ಗಮನವಿಟ್ಟು ಕೇಳು. ಸರಿಯಾಗಿ ಮಾಡಿದ್ದರ ಗಟ್ಟಿ ಪದರ ತೀರ ತೆಳ್ಳಗೆ. ಜೋರಾಗಿ ಒತ್ತಿದರೆ ಮೊನೆ ಪದರ ದಾಟಿ ಕೆಳಗಿನ ಮೆತ್ತನೆಯ ಉಕ್ಕಿಗೆ ಹೋಗುತ್ತದೆ, ಅಂಕಿ ಕಡಿಮೆ ಬರುತ್ತದೆ, ಗಿರಾಕಿ ಮುಖ ಸಿಂಡರಿಸುತ್ತಾನೆ. ಕಾವು ಹೆಚ್ಚಿಸಿ ಕೆಡಿಸಿದ್ದರ ಪದರ ದಪ್ಪ, ಅಂಕಿ ಚಂದ ಬರುತ್ತದೆ, ಗಿರಾಕಿ ಚಹಾ ಕುಡಿಸುತ್ತಾನೆ. ನನ್ನ ಯಂತ್ರ ಗಟ್ಟಿತನವನ್ನು ಹೇಳುತ್ತದೆ, ತುಕ್ಕನ್ನು ಹೇಳುವುದಿಲ್ಲ. ಅದಕ್ಕೇ ನಾನು ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಉಪ್ಪು ನೀರು ತುಂಬಿ ಕಿಟಕಿಯಲ್ಲಿಟ್ಟಿದ್ದೆ. ಪ್ರತಿ ಸಲದ ಮಾದರಿ ತುಂಡೊಂದನ್ನು ಅದರಲ್ಲಿ ಬಿಡುತ್ತಿದ್ದೆ. ದೇಸಾಯಿ ಸರ್ ಅದನ್ನು ಮಾದೇವಿಯ ಉಪ್ಪಿನಕಾಯಿ ಎಂದು ಚೇಷ್ಟೆ ಮಾಡುತ್ತಿದ್ದರು, ಆದರೆ ದಿನಾ ಬಂದು ಅದನ್ನೇ ಮೊದಲು ನೋಡುತ್ತಿದ್ದರು.

ಪ್ಲಾಸ್ಮಾ ಹಂಡೆ ಬಹಳ ಮಡಿವಂತ. ಭಾಗದ ಮೇಲೆ ಎಣ್ಣೆಯ ಜಿಡ್ಡಿದ್ದರೆ ಒಳಗೆ ಕಿಡಿ ಹಾರಿ ಮೈ ಸುಟ್ಟು ಗುಳಿ ಬೀಳುತ್ತದೆ. ಬರಿಗೈಯಲ್ಲಿ ಹಿಡಿದರೆ ಬೆರಳಿನ ಗುರುತು ಅಚ್ಚಾಗಿ ಉಳಿಯುತ್ತದೆ. ಒಂದು ವರ್ಷ ಮಹಾನವಮಿಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಬೀರಪ್ಪ ಯಂತ್ರಕ್ಕೆ ಭಂಡಾರದ ಅರಿಶಿನ ಹಚ್ಚಿದ್ದಲ್ಲದೆ, ಪಕ್ಕದಲ್ಲಿದ್ದ ಇಳಕಲ್ಲಿನ ಗಿರಾಕಿಯ ಶಾಫ್ಟುಗಳಿಗೂ ಭಕ್ತಿಯಿಂದ ಮೂರು ಬೆರಳ ವಿಭೂತಿ ಎಳೆದಿದ್ದ. ಒರೆಸಿದ್ದು ಸಾಲಲಿಲ್ಲ. ವಿಭೂತಿ ಇದ್ದಲ್ಲಿ ನೈಟ್ರೋಜನ್ ಇಳಿಯಲೇ ಇಲ್ಲ. ಎಲ್ಲ ಶಾಫ್ಟುಗಳೂ ಬೂದು ಬಣ್ಣದ ಮೈಯಲ್ಲಿ ಮೂರು ಬಿಳಿ ಗೆರೆ ಹೊತ್ತು ಹೊರಗೆ ಬಂದವು. ಗಿರಾಕಿ ಬಂದು ನೋಡಿ, ಇವನ್ನು ಕಲ್ಲು ಕೊಯ್ಯಲು ಹಚ್ಚಲೋ ಪೂಜೆಗೆ ಇಡಲೋ ಎಂದು ಕೇಳಿದ. ಎಲ್ಲರೂ ನಕ್ಕೆವು. ಆ ಪೂಜೆಯೇ ಮುಂದೆ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂದು ಆಗ ಗೊತ್ತಿರಲಿಲ್ಲ.

ನಮ್ಮ ಸಾಹುಕಾರರ ಮನೆತನದಲ್ಲಿ ಒಂದು ಪದ್ಧತಿ. ಖಂಡೇಪೂಜೆಯ ದಿನ ಕುಲುಮೆ ತಣ್ಣಗಿರಬೇಕು, ಖಾಲಿ ಇರಬೇಕು, ಬಾಯಿ ತೆರೆದಿರಬೇಕು. ಅವರ ತಂದೆಯ ಕಾಲದಿಂದ ಬಂದದ್ದು, ಯಾರೂ ಮೀರುವಂತಿಲ್ಲ. ಪೂಜೆ ಮುಗಿದ ಮೇಲೂ ಮರುದಿನ ದಶಮಿಗೆ ಬನ್ನಿ ಎಲೆ ಕೊಡುವವರೆಗೆ ಯಂತ್ರ ಮುಟ್ಟುವಂತಿಲ್ಲ. ವಿಭೂತಿಯ ಮರುವರ್ಷ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಹನ್ನೆರಡು ಸ್ಟೇನ್‌ಲೆಸ್ ಸ್ಪಿಂಡಲ್ ಬಂದವು. ವಾಲ್ವಿನ ಚಕ್ರ ತಿರುವಿದಾಗ ಬಾಗಿಲನ್ನು ಎತ್ತುವ ಇಳಿಸುವ ಉದ್ದನೆಯ ಕಡ್ಡಿಯೇ ಸ್ಪಿಂಡಲ್. ಸ್ಟೇನ್‌ಲೆಸ್ಸು ಒಂದಕ್ಕೊಂದು ಉಜ್ಜಿ ಕಚ್ಚಿಕೊಳ್ಳುತ್ತದೆ, ಅದಕ್ಕೆ ಮೈ ಗಟ್ಟಿ ಮಾಡಿಸಲು ಕಳಿಸಿದ್ದರು. ಕಬ್ಬಿನ ಹಂಗಾಮು ಶುರುವಾಗುವುದರಲ್ಲಿತ್ತು, ಪೂಜೆ ನಾಳೆ. ನಿಧಾನದ ಕಾವಿನಲ್ಲಿ ಹಚ್ಚಿದರೆ ಪೂಜೆಯ ಹೊತ್ತಿಗೆ ಹಂಡೆ ಬಿಸಿಯಾಗೇ ಇರುತ್ತದೆ. ಪೂಜೆ ಮುಗಿಸಿ ಹಚ್ಚಿದರೆ ಕಾರ್ಖಾನೆಯವರು ಬೇರೆ ಕಡೆ ಹೋಗುತ್ತಾರೆ. ಸಾಹುಕಾರರು ದೇಸಾಯಿ ಸರ್ ಅವರನ್ನು ಒಳಗೆ ಕರೆದರು. ಹೊರಗೆ ಬಂದ ಸರ್ ಬೀರಪ್ಪನಿಗೆ ಕೊಟ್ಟ ಚೀಟಿಯಲ್ಲಿ ಕಾವು ಐನೂರ ಅರವತ್ತು ಎಂದಿತ್ತು.

ಬೀರಪ್ಪ ಆ ಚೀಟಿ ತಂದು ನನಗೆ ತೋರಿಸಿದ. ನಾನು ಸರ್ ಬಳಿಗೆ ಹೋಗಿ, ಇದು ಕಾವಲಿನವರನ್ನು ಕಳಿಸಿಬಿಡುವ ಕಾವಲ್ಲವೇ ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಮಾದೇವಿ, ನನಗ ಗೊತ್ತಿಲ್ಲಂತ ತಿಳ್ಕೊಂಡಿ ಏನು? ಗೊತ್ತಿದ್ದ ಬರದೇನಿ."

ಇವತ್ತಿಗೂ ಆ ಮಾತು ನನಗೆ ಚುಚ್ಚುತ್ತದೆ. ತಿಳಿಯದೆ ಮಾಡಿದ್ದರೆ ತಿಳಿಸಿ ಹೇಳಬಹುದಿತ್ತು. ನಮ್ಮಲ್ಲಿ ಯಾರಿಗೂ ತಿಳಿಯದ್ದೇನೂ ಇರಲಿಲ್ಲ, ಚೀಟಿ ಬರೆದವರಿಗೂ, ಬರೆಸಿದವರಿಗೂ. ಸ್ಪಿಂಡಲ್‌ಗಳು ಸಂಜೆಗೆ ಹೊರಗೆ ಬಂದವು, ಮಾಮೂಲಿಗಿಂತ ಕಪ್ಪಗೆ. ನಾನು ಅಳೆದೆ. ಅಂಕಿ ಭಾರೀ ಚಂದ ಬಂತು. ವರದಿಗೆ ಸರ್ ಸಹಿ ಹಾಕಿದರು, ಸ್ಪಿಂಡಲ್‌ಗಳ ತಲೆಯ ತುದಿಗೆ ನಮ್ಮ ಶೆಡ್ಡಿನ ಗುರುತಾದ ಎರಡು ಚುಕ್ಕಿ ಹೊಡೆದು ಲಾರಿಗೆ ಹಾಕಿದರು. ಮಾದರಿ ತುಂಡನ್ನು ನಾನು ಬಾಟಲಿಗೆ ಬಿಟ್ಟೆ. ಮಾರನೆಯ ದಿನ ಹಂಡೆ ತಣ್ಣಗೆ, ಖಾಲಿಯಾಗಿ, ಬಾಯಿ ತೆರೆದು ಕೂತಿತ್ತು, ಅದಕ್ಕೆ ಹೂವಿನ ಹಾರ ಹಾಕಿದರು. ಬನ್ನಿ ಕೊಟ್ಟು ಕೆಲಸಕ್ಕೆ ಬಂದಾಗ ಬಾಟಲಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು.

ಬಾಟಲಿ ಹಿಡಿದು ಸಾಹುಕಾರರ ಮುಂದೆ ಇಟ್ಟೆ. ಅವರು ಕೆಟ್ಟ ಮನುಷ್ಯರೇನಲ್ಲ, ನನ್ನ ಮದುವೆಗೆ ಬಂದು ಊಟ ಮಾಡಿ ಹೋದವರು. ಬಾಟಲಿಯನ್ನು ಬೆರಳಿನಿಂದ ದೂರ ಸರಿಸಿ ಅಂದರು, "ಅದು ಸಕ್ಕರಿ ಕಾರ್ಖಾನಿ ಅದವಾ, ಸಮುದ್ರ ಅಲ್ಲ. ಉಪ್ಪಿನ ನೀರಾಗ ಯಾರ್ ಇಡತಾರ?" ಸಕ್ಕರೆ ಕಾರ್ಖಾನೆಯಲ್ಲಿ ರಸ ಕಾಯಿಸುವ ಪಾತ್ರೆಗಳನ್ನು ಆಗಾಗ ಕುದಿಯುವ ಕಾಸ್ಟಿಕ್ ಸೋಡಾದಿಂದ, ಆಮೇಲೆ ಆ್ಯಸಿಡ್ಡಿನಿಂದ ತೊಳೆಯುತ್ತಾರೆ, ಉಪ್ಪಿನ ನೀರು ಅದರ ಮುಂದೆ ಏನೂ ಅಲ್ಲ ಎಂದೆ. ಆಯಿತು, ಕಾರ್ಖಾನೆಯವರಿಗೆ ಹೇಳಿ ವಾಪಸು ತರಿಸುತ್ತೇನೆ ಎಂದರು. ತರಿಸಲಿಲ್ಲ. ನಾನು ಎರಡು ಸಲ ನೆನಪು ಮಾಡಿದೆ, ಎರಡು ಸಲವೂ ಹೇಳಿದ್ದೇನೆ ಎಂದರು.

ಹಂಗಾಮಿನ ನಡುವೆ ಒಂದು ದಿನ ಕಾರ್ಖಾನೆಯ ಜೀಪಿನವನು ಗೋಣಿ ತಾಟಿನಲ್ಲಿ ಸುತ್ತಿದ್ದ ಏನನ್ನೋ ತಂದು ನನ್ನ ಮೇಜಿನ ಮೇಲಿಟ್ಟ. ಬಿಚ್ಚಿದರೆ ಮುರಿದ ಸ್ಪಿಂಡಲ್, ತಲೆಯಲ್ಲಿ ಎರಡು ಚುಕ್ಕಿ. ಮುರಿದಲ್ಲಿ ಸುತ್ತಲೂ ಸಣ್ಣ ಸಣ್ಣ ಗುಳಿ, ಗುಳಿಯ ತುಂಬ ಕಂದು ತುಕ್ಕು. ತೊಳೆಯುವ ಪಾಳಿಯಲ್ಲಿ ಫಿಟ್ಟರ್ ಒಬ್ಬ ಚಕ್ರ ತಿರುವುತ್ತಿದ್ದಾಗ ಮುರಿಯಿತಂತೆ. ಕುದಿಯುವ ಕಾಸ್ಟಿಕ್ ಸ್ಪಿಂಡಲ್ ಸುತ್ತ ಬಿಗಿದಿದ್ದ ಪ್ಯಾಕಿಂಗ್ ಕಿತ್ತುಕೊಂಡು ಹೊರಗೆ ಬಂದು ಅವನ ಮುಖಕ್ಕೆ ಬಡಿದಿತ್ತು. ಚಕ್ರಕ್ಕೆ ಪೈಪು ಸಿಕ್ಕಿಸಿ ಜಗ್ಗಿದ್ದಾನೆ, ಅದಕ್ಕೇ ಮುರಿಯಿತು ಎಂದು ಕಾರ್ಖಾನೆಯವರ ಮಾತು. ಸ್ಪಿಂಡಲ್ ಗಟ್ಟಿ ಇತ್ತು ಎಂದು ನಮ್ಮಿಂದ ಬರೆಸಿಕೊಂಡರೆ ಅವರ ಮಾತಿಗೆ ಬಲ ಬರುತ್ತಿತ್ತು. ಗಟ್ಟಿಯಂತೂ ಇತ್ತು. ಅಂಕಿ ಅವತ್ತಿನಷ್ಟೇ ಚಂದ ಬಂತು. ದೇಸಾಯಿ ಸರ್ ಗುಳಿಗಳನ್ನು ನೋಡಿದರು, ನನ್ನನ್ನು ನೋಡಿದರು, ಗಟ್ಟಿತನ ಸರಿಯಾಗಿದೆ ಎಂದಷ್ಟೇ ಬರೆದು ಸಹಿ ಮಾಡಿದರು.

ಜೀಪಿನವನಿಂದ ಫಿಟ್ಟರಿನ ಹೆಸರು ಕೇಳಿಕೊಂಡೆ. ಯಮನಪ್ಪ, ಚೊಳಚಗುಡ್ಡದವನು, ಬಾಗಲಕೋಟೆಯ ದವಾಖಾನೆಯಲ್ಲೇ ಇದ್ದಾನೆ. ಮಧ್ಯಾಹ್ನವೇ ಹೋದೆ. ಕಣ್ಣಿಗೆಲ್ಲ ಪಟ್ಟಿ, ಕೆನ್ನೆಯ ಚರ್ಮ ಸುಲಿದಿತ್ತು. ಪಕ್ಕದಲ್ಲಿ ಹೆಂಡತಿ ಗಂಗವ್ವ ಕೂತಿದ್ದಳು. ಎರಡೂ ಕಣ್ಣು ಹೋದವು ಎಂದು ಆಕೆ ನನ್ನನ್ನು ಬಾಗಿಲಾಚೆ ಕರೆದು ಹೇಳಿದಳು, ಅವನಿಗೆ ಇನ್ನೂ ಹೇಳಿಲ್ಲ ಎಂದಳು. ಒಳಗೆ ಬಂದು ನಾನು ಯಾರು, ಎಲ್ಲಿಂದ ಬಂದೆ ಎಂದು ಹೇಳಿದೆ. ಸ್ಪಿಂಡಲ್ ನಿನ್ನ ಕೈಯಿಂದ ಮುರಿದದ್ದಲ್ಲ, ಹೇಗಾದರೂ ಮುರಿಯುವುದೇ ಇತ್ತು ಎಂದೂ ಹೇಳಿದೆ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು.

"ನಾ ಪೈಪ್ ಹಾಕಿಲ್ರಿ ಅಕ್ಕಾರ," ಅಂದ. "ಅದ ಇರ್ಲಿ. ನನ್ನ ಕಣ್ಣ ಹೋಗ್ಯಾವು, ಇವರು ಹೇಳವಲ್ರು, ನನಗ ಗೊತ್ತೈತಿ. ಅಂಥವು ಇನ್ನೂ ಎಷ್ಟ ಅದಾವ್ರಿ?"

ಹನ್ನೆರಡು ಹೋಗಿವೆ, ಒಂದು ಮುರಿದಿದೆ ಎಂದೆ.

"ಹಂಗಾರ ನಾಳಿ ನನ್ನ ಪಾಳಿ ಸಂಗಪ್ಪ ಮಾಡತಾನ. ಅವನ ಕೈಯಾಗ ಇನ್ನೊಂದ ಮುರೀತಂದ್ರ?"

ಆ ಮಾತಿನ ಮೇಲೆ ನಾನು ಮಾಡಬೇಕಾದದ್ದು ಏನೆಂಬ ಅನುಮಾನ ಉಳಿಯಲಿಲ್ಲ. ಉಳಿದವನ್ನು ಬಿಚ್ಚಿಸಬೇಕು. ಮೊದಲು ದೇಸಾಯಿ ಸರ್ ಅವರ ಮನೆಗೇ ಹೋದೆ. ಕಾರ್ಖಾನೆಗೆ ಒಂದು ಮಾತು ನೀವು ಹೇಳಿದರೆ ಸಾಕು ಎಂದು ಕೇಳಿಕೊಂಡೆ. ಹೇಳಿದರೆ ಶೆಡ್ಡು ಮುಚ್ಚುತ್ತದೆ, ಅಷ್ಟೂ ಮನೆಗಳ ಒಲೆ ನಿಲ್ಲುತ್ತದೆ, ನಿನ್ನದೂ ಬೀರಪ್ಪನದೂ ಸೇರಿ ಎಂದರು. ಯಮನಪ್ಪನ ಮನೆಯ ಒಲೆ ಆಗಲೇ ನಿಂತಿದೆ ಎಂದು ಹೇಳಿ ಎದ್ದು ಬಂದೆ. ಅವರ ಹೆಂಡತಿ ಚಹಾ ತಂದಿದ್ದರು, ಕುಡಿಯಲಿಲ್ಲ.

ಮಾರನೆಯ ದಿನ ರಜೆ ಹಾಕಿ, ಕಂದು ನೀರಿನ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಕಾರ್ಖಾನೆಗೆ ಹೋದೆ. ಗೇಟಿನಿಂದ ರಸ್ತೆಯ ತಿರುವಿನವರೆಗೂ ಕಬ್ಬಿನ ಟ್ರ್ಯಾಕ್ಟರುಗಳು ನಿಂತಿದ್ದವು. ಚೀಫ್ ಇಂಜಿನಿಯರ್ ಸಾಹೇಬರು ಬಹಳ ಹೊತ್ತು ಕೂರಿಸಿ ಆಮೇಲೆ ಒಳಗೆ ಕರೆದರು. ಬಾಟಲಿಯ ತುಂಡನ್ನೂ ಒಂದು ಸರಿಯಾದ ತುಂಡನ್ನೂ ಪಕ್ಕದಲ್ಲಿಟ್ಟು ವಿಷಯ ಹೇಳಿದೆ. ಅವರು ಪೂರಾ ಕೇಳಿದರು, ಅರ್ಥವೂ ಮಾಡಿಕೊಂಡರು. ಇಲ್ಲ ಎನ್ನಲಿಲ್ಲ.

"ಖರೆ ಇರಬೇಕ್ರಿ ನೀವು ಹೇಳೂದು," ಅಂದರು. "ಆದ್ರ ಹೊರಗ ಕಬ್ಬು ಒಣಗಾಕತ್ತೈತಿ. ಹಂಗಾಮು ಮುಗೀಲಿ, ಎಲ್ಲಾ ಬದಲಸ್ತೀವಿ. ಅಲ್ಲೀತನಾ ಜ್ವಾಕಿಲೇ ತಿರುವ್ರಿ ಅಂತ ಹುಡುಗೂರಿಗೆ ಹೇಳೇನಿ."

ಜೋಪಾನವಾಗಿ ತಿರುವಿದರೆ ಮುರಿಯದಿರಲು ಅದೇನು ಹಸುಗೂಸೇ. ಬಾಟಲಿ ಎತ್ತಿಕೊಂಡು ಬಂದೆ. ಬಸ್ಸಿನಲ್ಲಿ ಕೂತು ಅತ್ತೆ, ಯಾರು ನೋಡಿದರೂ ಸರಿಯೆಂದು ಅತ್ತೆ. ಬಾಗಲಕೋಟೆಯಲ್ಲಿ ಇಳಿದು ನೇರ ದವಾಖಾನೆಗೆ ಹೋಗಿ ಯಮನಪ್ಪನಿಗೆ ನಡೆದದ್ದನ್ನು ಹೇಳಿದೆ. ಅವನು ಹೆಂಡತಿಯ ಕಡೆ ಮುಖ ತಿರುಗಿಸಿ, ಮನೆಯಲ್ಲಿ ಹಳೆಯ ಸೀರೆ ಯಾವುದಿದೆ ಎಂದು ಕೇಳಿದ. ನನಗೆ ತಿಳಿಯಲಿಲ್ಲ, ಗಂಗವ್ವನಿಗೆ ತಿಳಿಯಿತು.

ಈ ಕಡೆಯ ಸಕ್ಕರೆ ಕಾರ್ಖಾನೆಗಳ ಫಿಟ್ಟರುಗಳಲ್ಲಿ ಒಂದು ಪದ್ಧತಿ ಇತ್ತು. ಯಾವ ವಾಲ್ವನ್ನು ರಿಪೇರಿಗೆ ಹಿಡಿಯುತ್ತಾರೋ ಅದರ ಚಕ್ರಕ್ಕೆ ಕೆಂಪು ಅರಿವೆ ಕಟ್ಟುತ್ತಾರೆ. ಕಟ್ಟಿದ ವಾಲ್ವನ್ನು ಯಾರೂ ಮುಟ್ಟುವುದಿಲ್ಲ. ಕಟ್ಟಿದವನೇ ಬಂದು ಬಿಚ್ಚಬೇಕು, ಅವನು ಊಟಕ್ಕೆ ಹೋಗಿದ್ದರೆ ಊಟ ಮುಗಿಯುವ ತನಕ ಕಾಯಬೇಕು. ಹಿಂದೊಮ್ಮೆ ಯಾರೋ ಬೇರೆಯವರು ಬಿಚ್ಚಿ ಉಗಿ ಬಿಟ್ಟು, ಪೈಪಿನೊಳಗೆ ಕೈಯಿಟ್ಟಿದ್ದವನು ಬೆಂದುಹೋಗಿದ್ದನಂತೆ, ಅಂದಿನಿಂದ ಬಂದದ್ದು. ಅರಿವೆ ಎಲ್ಲಿಂದ ಎಂದರೆ ಅವರವರ ಹೆಂಡಿರ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು. ಸೀರೆಯ ಮೈ ಹರಿದರೂ ಸೆರಗಿನ ಬಣ್ಣ ಬೇಗ ಮಾಸುವುದಿಲ್ಲ.

ಯಮನಪ್ಪ ದವಾಖಾನೆಯಿಂದ ಬಿಡುಗಡೆಯಾಗುವ ತನಕ ಅವನು ಹೇಳಿಕಳಿಸಿದ್ದರಿಂದ ಸಂಗಪ್ಪ ಹುಷಾರಿಲ್ಲವೆಂದು ಕೆಲಸಕ್ಕೆ ಹೋಗಲಿಲ್ಲ, ಬೇರೆ ಫಿಟ್ಟರುಗಳೂ ಆ ವಾಲ್ವುಗಳ ಹತ್ತಿರ ಸುಳಿಯದೆ ಹೇಗೋ ದಿನ ನೂಕಿದರು. ಬಿಡುಗಡೆಯಾದ ಮರುದಿನ ಬೆಳಿಗ್ಗೆ ನಾವು ಹೋದೆವು, ಯಮನಪ್ಪ, ಸಂಗಪ್ಪ, ನಾನು. ಗೇಟಿನವನು ಯಮನಪ್ಪನ ಮುಖ ನೋಡಿ ಏನನ್ನೂ ಕೇಳದೆ ಸರಿದು ನಿಂತ. ಒಳಗೆ ಉಗಿ, ಸದ್ದು, ಬೆಲ್ಲದ ವಾಸನೆ. ನಾನು ಒಂದೊಂದು ವಾಲ್ವಿನ ಸ್ಪಿಂಡಲ್ ತಲೆಯಲ್ಲಿ ಎರಡು ಚುಕ್ಕಿ ಹುಡುಕುತ್ತಿದ್ದೆ. ಸಿಕ್ಕರೆ ಯಮನಪ್ಪನ ಕೈ ಹಿಡಿದು ಚಕ್ರದ ಮೇಲಿಡುತ್ತಿದ್ದೆ. ಅವನು ಹೆಗಲ ಮೇಲಿನ ಕೆಂಪು ಪಟ್ಟಿಗಳಿಂದ ಒಂದನ್ನು ಎಳೆದು ಕಟ್ಟುತ್ತಿದ್ದ. ಗಂಟು ಹಾಕಿ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ ಮುಂದೆ ಹೋಗೋಣ ಎನ್ನುತ್ತಿದ್ದ. ಹತ್ತು ಸಿಕ್ಕವು. ಮುರಿದದ್ದು ಸೇರಿ ಹನ್ನೊಂದು. ಹನ್ನೆರಡನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಅಷ್ಟರಲ್ಲಿ ಚೀಫ್ ಸಾಹೇಬರು ಬಂದರು. ರಸದ ಪಾತ್ರೆ ತೊಳೆಯುವ ಹೊತ್ತು, ವಾಲ್ವು ತಿರುವದೆ ಕೆಲಸ ಮುಂದೆ ಸಾಗುವುದಿಲ್ಲ. ಅರಿವೆ ಬಿಚ್ಚು ಎಂದು ಸಂಗಪ್ಪನಿಗೆ ಹೇಳಿದರು. ಅವನು ನೆಲ ನೋಡುತ್ತ ನಿಂತ. ಇನ್ನೊಬ್ಬನಿಗೆ ಹೇಳಿದರು, ಅವನೂ ನಿಂತ. ಕೊನೆಗೆ ಯಮನಪ್ಪನ ಎದುರಿಗೇ ಬಂದು, ನೀನು ಈಗ ಕೆಲಸದ ಮೇಲಿಲ್ಲ, ನಿನಗಿಲ್ಲಿ ಅಧಿಕಾರವಿಲ್ಲ ಎಂದರು.

"ಅಧಿಕಾರ ಇಲ್ಲ ಖರೆರಿ ಸಾಹೇಬ್ರ," ಅಂದ ಯಮನಪ್ಪ. "ಆದ್ರ ಕಟ್ಟಿದ್ ಕೈ ನಂದ ಐತಿ. ಹಳಿ ಸ್ಪಿಂಡಲ್ ತಂದು ಹಾಕ್ರಿ, ಮುಟ್ಟಿ ನೋಡಿ ಬಿಚ್ಚತೇನಿ."

ಕಾರ್ಖಾನೆ ನಿಂತಿತು. ಗೇಟಿನ ಹೊರಗೆ ಕಬ್ಬು ತಂದವರು ಕೂಗಾಡಿದರು, ಅವರದ್ದೂ ತಪ್ಪಲ್ಲ. ಬಿಚ್ಚಿ ಒಗೆದಿದ್ದ ಹಳೆಯ ಸ್ಪಿಂಡಲ್‌ಗಳು ಗುಜರಿಯ ರಾಶಿಯಲ್ಲಿದ್ದವು. ಸವೆದಿದ್ದರೂ ಅವು ಸಾಚಾ ಸ್ಟೇನ್‌ಲೆಸ್. ಫಿಟ್ಟರುಗಳು ಅವನ್ನು ಎತ್ತಿ ತಂದು, ಉಜ್ಜಿ, ಒಂದೊಂದಾಗಿ ಹಾಕಿದರು. ಹಾಕಿದ್ದನ್ನು ಯಮನಪ್ಪ ತಲೆಯಿಂದ ಕೆಳಗೆ ಬೆರಳಾಡಿಸಿ ನೋಡಿ, ಚುಕ್ಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಗಂಟು ತಾನೇ ಬಿಚ್ಚಿದ. ನಮ್ಮ ಹತ್ತನ್ನೂ ನಾನು ಲ್ಯಾಬಿಗೆ ತಂದೆ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಮೂರರಲ್ಲಿ ಆಗಲೇ ಬಿರುಕು ಕಂಡಿತು. ಒಂದು ನನ್ನ ಕೈಯಲ್ಲೇ, ಮೇಜಿನ ಅಂಚಿಗೆ ತಾಗಿ, ಎರಡು ತುಂಡಾಯಿತು. ಬೀರಪ್ಪ ಅಲ್ಲೇ ನಿಂತಿದ್ದ, ಮುಖಕ್ಕೆ ಟವೆಲು ಮುಚ್ಚಿಕೊಂಡು ಹೊರಗೆ ಹೋದ.

ಇಷ್ಟೆಲ್ಲ ಆದ ಮೇಲೆ ನ್ಯಾಯ ಸಿಕ್ಕಿತೇ ಎಂದು ಸುಜಾತಾ ಕೇಳಬಹುದು. ಇಲ್ಲ. ಬಿರುಕಿನ ಫೋಟೋಗಳನ್ನು ನಾನು ಕಾರ್ಖಾನೆಗೂ, ಅಪಘಾತದ ವಿಚಾರಣೆಗೆ ಬಂದಿದ್ದ ಅಧಿಕಾರಿಗೂ ಕೊಟ್ಟೆ. ಆದರೂ ಕಾರ್ಖಾನೆಯ ಕಾಗದದಲ್ಲಿ ಯಮನಪ್ಪನ ಹೆಸರಿನ ಮುಂದೆ ಅಜಾಗರೂಕತೆ ಎಂದೇ ಉಳಿಯಿತು. ದೇಸಾಯಿ ಸರ್ ಆ ವರ್ಷವೇ ಹುಬ್ಬಳ್ಳಿಗೆ ಹೋದರು. ಹೋಗುವಾಗ ನನ್ನ ಲ್ಯಾಬಿನ ಬಾಗಿಲವರೆಗೂ ಬಂದು, ಕಿಟಕಿಯ ಬಾಟಲಿಯನ್ನೊಮ್ಮೆ ನೋಡಿ ತಿರುಗಿದರು. ಸಾಹುಕಾರರು ನನ್ನ ಜೊತೆ ಮಾತು ಬಿಟ್ಟರು, ಕೆಲಸ ಬಿಡಿಸಲಿಲ್ಲ, ಕಬ್ಬಿಣ ಚುಚ್ಚಲು ಬೇರೆ ಯಾರೂ ಸಿಗಲಿಲ್ಲವೇನೋ. ಶೆಡ್ಡೂ ಮುಚ್ಚಲಿಲ್ಲ. ಒಂದು ಮಾತ್ರ ಬದಲಾಯಿತು. ಈಗ ಸ್ಟೇನ್‌ಲೆಸ್ ಬಂದರೆ ಬೀರಪ್ಪ ಹೆಚ್ಚಿನ ಕಾವಿನ ಚೀಟಿ ಯಾರು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ, ಖಂಡೇಪೂಜೆ ಎದುರಿಗಿದ್ದರೆ ಭಾಗಗಳನ್ನು ಹಂಡೆಗೇ ಹಾಕುವುದಿಲ್ಲ. ಹೊಸಬರಿಗೆ ಅದು ಯಾಕೆಂದು ಗೊತ್ತಿಲ್ಲ, ಹಳೆಯ ಮನುಷ್ಯನ ಹಟ ಎಂದುಕೊಂಡಿದ್ದಾರೆ.

ಹನ್ನೆರಡನೆಯದರ ಬಗ್ಗೆ ಕಾರ್ಖಾನೆಯ ಸ್ಟೋರಿನವನನ್ನು ಕೇಳಿದ್ದೆ. ಹಂಗಾಮಿನಲ್ಲಿ ಕಾರ್ಖಾನೆಗಳು ಒಬ್ಬರಿಂದೊಬ್ಬರು ಬಿಡಿಭಾಗ ಎರವಲು ಒಯ್ಯುತ್ತವೆ, ಬರೆದಿಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಯಾರೋ ಬಂದು ಒಂದು ಒಯ್ದರು, ಎಲ್ಲಿಯವರೋ ನೆನಪಿಲ್ಲ ಎಂದ. ನಾನು ಹತ್ತಿರದ ಕಾರ್ಖಾನೆಗಳಿಗೆಲ್ಲ ಹೋಗಿ ಬಂದೆ. ಕೆಲವು ಕಡೆ ಒಳಗೆ ಬಿಟ್ಟರು, ಕೆಲವು ಕಡೆ ಬಿಡಲಿಲ್ಲ. ಸಿಗಲಿಲ್ಲ. ಪ್ರತಿ ವರ್ಷ ಕಬ್ಬಿನ ಹಂಗಾಮು ಶುರುವಾದಾಗ ಯಮನಪ್ಪ ಫೋನು ಮಾಡುತ್ತಿದ್ದ. ಮಕ್ಕಳು ಮರಿ ಚೆನ್ನಾಗಿದ್ದಾರೆಯೇ ಎಂದು ಕೇಳಿ, ಆಮೇಲೆ "ಸಿಕ್ತೇನ್ರಿ ಅಕ್ಕಾರ?" ಎನ್ನುತ್ತಿದ್ದ. ಇಲ್ಲಣ್ಣ ಎಂದರೆ, ಇರಲಿ ನೋಡೋಣ ಎಂದು ಇಡುತ್ತಿದ್ದ.

ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದರು, ನಾಲ್ಕು ಜನ ಮಾತಾಡಿದರು. ಯಮನಪ್ಪ ಗಂಗವ್ವನ ಕೈ ಹಿಡಿದು ಬಸ್ಸಿನಲ್ಲಿ ಬಂದಿದ್ದ, ಹಿಂದೆ ಕೂತಿದ್ದ. ಎಲ್ಲರೂ ಹೋದ ಮೇಲೆ ಕಿಸೆಯಿಂದ ಒಂದು ಕೆಂಪು ಪಟ್ಟಿ ತೆಗೆದು ನನ್ನ ಕೈಯಲ್ಲಿಟ್ಟ. ಅದಕ್ಕೆ ಆಗಲೇ ಗಂಟು ಹಾಕಿ ಚಕ್ರಕ್ಕೆ ತೊಡಿಸುವಂತೆ ಕುಣಿಕೆ ಮಾಡಿದ್ದ.

"ಗಂಟ ನಾ ಹಾಕೇನ್ರಿ," ಅಂದ. "ನೀವಾಗಲಿ, ನಿಮ್ಮ ಕಡಿಯವರಾಗಲಿ, ಅದು ಎಲ್ಲೆರ ಸಿಕ್ಕರ ಬರೇ ತೊಡಸ್ರಿ. ಬಿಚ್ಚಾಕ ನನ್ನ ಕರೀರಿ, ಎಲ್ಲಿದ್ರೂ ಬರ್ತೇನಿ."

ಆ ಪಟ್ಟಿ ಲ್ಯಾಬಿನ ಮೇಜಿನ ಎಡಗಡೆಯ ಡ್ರಾವರಿನಲ್ಲಿದೆ, ಸುಜಾತಾ, ಒರೆಸುವ ಬಟ್ಟೆ ಎಂದುಕೊಂಡು ಗಾಜಿಗೆ ಬಳಸಬೇಡ. ನೀನು ಕಾರ್ಖಾನೆಗಳಿಗೆ ಹೋಗುತ್ತಿರುತ್ತೀ. ಹೋದಲ್ಲೆಲ್ಲ ವಾಲ್ವುಗಳ ತಲೆ ನೋಡು. ಕಪ್ಪು ಮೈ, ತುದಿಯಲ್ಲಿ ಎರಡು ಚುಕ್ಕಿ. ಸಿಕ್ಕರೆ ಯಾರನ್ನೂ ಕೇಳದೆ ಆ ಕುಣಿಕೆ ತೊಡಿಸು. ಯಮನಪ್ಪ ಈ ಹಂಗಾಮು ಶುರುವಾಗುವ ಮುಂಚೆ ತೀರಿಕೊಂಡ, ಈ ಸಲ ಫೋನು ಮಾಡಿ ಸಿಕ್ಕಿತೇ ಎಂದು ಕೇಳಿದ್ದು ಗಂಗವ್ವ. ಅದನ್ನು ಬಿಚ್ಚುವವರು ಇನ್ನು ಯಾರೂ ಇಲ್ಲ. ಆದರೂ ತೊಡಿಸು.